ಊಟ ಗುಂಡ್ಲುಪೇಟೆಯಲ್ಲಿ, ಹೊಟ್ಟೆನೋವು ಊಟಿಯಲ್ಲಿ

ಗುಂಡ್ಲುಪೇಟೆ ದಾರಿಹೋಕರ ಊರು. ಮೈಸೂರಿನಿಂದ ಬಂದ ಹೆದ್ದಾರಿ ಇಲ್ಲಿ ಕವಲೊಡೆದು ಒಂದು ಕಡೆ ಊಟಿಗೂ ಇನ್ನೊಂದು ಕಡೆ ವಯನಾಡು, ಕೋಳಿಕ್ಕೋಡಿಗೂ ಹೋಗುತ್ತದೆ. ರಾತ್ರಿ ಒಂಬತ್ತಕ್ಕೆ ಬಂಡೀಪುರದ ಗೇಟು ಬೀಳುವ ಮುಂಚೆ ಕಾಡು ದಾಟಬೇಕೆಂದು ಜನ ಅವಸರದಲ್ಲಿ ತಿಂದು ಹೊರಡುತ್ತಾರೆ. ಹಳಸಿದ್ದು ಹೊಟ್ಟೆ ಕೆಡಿಸುವ ಹೊತ್ತಿಗೆ ತಿಂದವರು ಬೇರೆ ರಾಜ್ಯದಲ್ಲಿರುತ್ತಾರೆ. ಆ ಕೊಳಕಿಗೆ ಹೊಣೆ ಯಾರು?

1860ರ ದಂಡ ಸಂಹಿತೆಯ 272, 273ನೇ ಕಲಮುಗಳಲ್ಲಿ ಇದಕ್ಕಿದ್ದ ಉತ್ತರ ಆರು ತಿಂಗಳ ಸಜೆ, ಇಲ್ಲವೇ ಸಾವಿರ ರೂಪಾಯಿ ದಂಡ. ಆ ಸಾವಿರ 2024ರ ಜೂನ್ ಕೊನೆಯವರೆಗೂ ಸಾವಿರವಾಗಿಯೇ ಉಳಿದಿತ್ತು. ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ ಐದು ಸಾವಿರವಾಗಿದೆ.

ನಡುವೆ 1954ರ ಕಲಬೆರಕೆ ತಡೆ ಕಾಯ್ದೆ ಬಂತು. ಮಾಲು ಎಂಥದ್ದೆಂದು ನನಗೆ ಗೊತ್ತಿರಲಿಲ್ಲ ಎಂಬ ಮಾರಾಟಗಾರನ ನೆಪಕ್ಕೆ ಅದು ಜಾಗ ಕೊಡಲಿಲ್ಲ. ಕೊಳಕು ಜಾಗದಲ್ಲಿ ತಯಾರಾದದ್ದೂ ಕಲಬೆರಕೆಯೇ ಎಂದು ಅದರ ವ್ಯಾಖ್ಯೆಯಲ್ಲಿತ್ತು. ಆದರೆ ಇಡೀ ವ್ಯವಸ್ಥೆ ನಿಂತದ್ದು ಸ್ಯಾಂಪಲ್ ಮೇಲೆ. ಹಾಲಿಗೆ ಬೆರೆಸಿದ ನೀರು ಸೀಸೆಯಲ್ಲಿ ಸಿಗುತ್ತದೆ. ಪಾತ್ರೆ ತೊಳೆಯುವ ತೊಟ್ಟಿಯ ಗಬ್ಬು, ಬಡಿಸುವವನ ಕೈ ಸಿಗುವುದಿಲ್ಲ.

ಕಾನೂನು ನಿಜವಾಗಿ ಅಡುಗೆಮನೆಗೆ ಕಾಲಿಟ್ಟದ್ದು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಿಂದ. ಪರವಾನಗಿ ನಿಯಮಗಳು 2011ರ ಆಗಸ್ಟ್ 5ರಿಂದ ಜಾರಿಗೆ ಬಂದವು. ಕುಡಿಯಲು ಯೋಗ್ಯವಾದ ನೀರು, ಕೆಲಸಗಾರರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಷರತ್ತುಗಳಾದವು. ಅಶುಚಿಯಾಗಿ ಅಡುಗೆ ಮಾಡಿದ್ದಕ್ಕೆ 56ನೇ ಕಲಮಿನಲ್ಲಿ ಒಂದು ಲಕ್ಷದವರೆಗೆ ದಂಡ. ಅದನ್ನು ತೀರ್ಮಾನಿಸುವುದು ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ. ಜೈಲು ಬಿಟ್ಟು ದಂಡಕ್ಕೆ ಇಳಿದದ್ದು ಸಡಿಲಿಕೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ, ವರ್ಷಗಟ್ಟಲೆ ಎಳೆಯುವ ಮೊಕದ್ದಮೆಗಿಂತ ಬೇಗ ಬೀಳುವ ದಂಡಕ್ಕೇ ಅಡುಗೆಮನೆ ಹೆದರುತ್ತದೆ. ಅಸುರಕ್ಷಿತ ಆಹಾರದಿಂದ ಜೀವ ಹೋದರೆ ಮಾತ್ರ ಏಳು ವರ್ಷದಿಂದ ಜೀವಾವಧಿಯವರೆಗೆ ಸಜೆ, ಕನಿಷ್ಠ ಹತ್ತು ಲಕ್ಷ ದಂಡ, ಮನೆಯವರಿಗೆ ಕನಿಷ್ಠ ಐದು ಲಕ್ಷ ಪರಿಹಾರ. ಅಸುರಕ್ಷಿತ ಆಹಾರದ ಪ್ರಕರಣದಲ್ಲಿ ಹಳೆಯ 272, 273ನೇ ಕಲಮುಗಳಿಗಿಂತ ಈ ಕಾಯ್ದೆಯೇ ಮೇಲು ಎಂದು 2024ರ ಫೆಬ್ರುವರಿಯಲ್ಲಿ ರಾಮ್ ನಾಥ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಚಾಮರಾಜನಗರ ಜಿಲ್ಲೆಯಲ್ಲಿ ಆಹಾರ, ಸಾವು ಎರಡನ್ನೂ ಒಟ್ಟಿಗೆ ಹೇಳಿದರೆ ನೆನಪಾಗುವುದು ಸುಳ್ವಾಡಿ. 2018ರ ಡಿಸೆಂಬರ್ 14ರಂದು ಕಿಚ್ಚುಗುತ್ತಿ ಮಾರಮ್ಮನ ಪ್ರಸಾದ ತಿಂದು 17 ಜನ ಸತ್ತರು. ಅದು ಕೊಳಕಿನ ಮಾತಲ್ಲ, ಕೀಟನಾಶಕ ಬೆರೆಸಿದ ಆರೋಪ; ಕೊಲೆ ಮೊಕದ್ದಮೆಯಾಯಿತು. ಕೊಳಕಿಗೆ ಹೋಲಿಕೆ ಬೇಕಾದರೆ ಕಾಸರಗೋಡು ಜಿಲ್ಲೆಯ ಚೆರುವತ್ತೂರನ್ನು ನೋಡಬೇಕು. 2022ರ ಮೇ 1ರಂದು ಅಲ್ಲಿ ಶವರ್ಮಾ ತಿಂದ ಹದಿನಾರರ ಹುಡುಗಿ ತೀರಿಕೊಂಡಳು. ಶಿಗೆಲ್ಲಾ ಸೋಂಕು ಪತ್ತೆಯಾಯಿತು. ತಿಂದವರು ಸುತ್ತಮುತ್ತಲಿನವರೇ ಆದದ್ದರಿಂದ ಕಾಯಿಲೆ ಯಾವ ಅಂಗಡಿಯದೆಂದು ಬೇಗ ಗೊತ್ತಾಯಿತು. ಹೆದ್ದಾರಿಯ ಹೋಟೆಲಿನಲ್ಲಿ ಈ ಎಳೆಯೇ ತುಂಡಾಗುವುದು.

ಎಳೆ ಕೂಡಿಸುವ ಒಂದೆರಡು ಕೆಲಸ ಆಗಿವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೋಳಿಕ್ಕೋಡಿನವರು ಚಾಮರಾಜನಗರದ ಆಯೋಗಕ್ಕೆ ಅಲೆಯಬೇಕಿಲ್ಲ; ತಾವು ವಾಸವಿರುವ ಜಿಲ್ಲೆಯಲ್ಲೇ, ಎರಡು ವರ್ಷದೊಳಗೆ ದೂರು ಕೊಡಬಹುದು. 2022ರ ಜನವರಿಯಿಂದ ಬಿಲ್ಲಿನ ಮೇಲೆ 14 ಅಂಕಿಯ ಪರವಾನಗಿ ಅಥವಾ ನೋಂದಣಿ ಸಂಖ್ಯೆ ಕಡ್ಡಾಯ. ಬಿಲ್ಲು ಮಡಚಿ ಜೇಬಿಗಿಟ್ಟುಕೊಂಡವರ ಕೈಲಿ ಹೋಟೆಲಿನ ಗುರುತು ಇರುತ್ತದೆ.

ಆದರೆ ಆಹಾರವನ್ನು ಪರೀಕ್ಷೆಗೆ ಕಳಿಸಲು ಗ್ರಾಹಕನಿಗೇ ಹಕ್ಕು ಕೊಡುವ, 2006ರ ಆಹಾರ ಸುರಕ್ಷತೆ ಕಾಯ್ದೆಯ 40ನೇ ಕಲಮು, ಕೊಳ್ಳುವಾಗಲೇ ಮಾಲೀಕನಿಗೆ ತಿಳಿಸಬೇಕೆನ್ನುತ್ತದೆ. ಮೇಜಿನ ಮುಂದೆಯೇ ಅನುಮಾನ ಬಂದವರಿಗೆ ಅದು ಸರಿ. ಊಟಿಯ ಲಾಡ್ಜಿನಲ್ಲಿ ನಡುರಾತ್ರಿ ವಾಂತಿಯಾದವರಿಗೆ ಅದರಿಂದ ಏನೂ ದಕ್ಕುವುದಿಲ್ಲ. ಅವರಿಗೆ ಬೇಕಾದದ್ದು ಅದೇ ಕಾಯ್ದೆಯ 35ನೇ ಕಲಮು: ಅಧಿಸೂಚನೆ ಹೊರಡಿಸಿ, ಆಹಾರ ವಿಷಬಾಧೆಯ ಪ್ರಕರಣಗಳನ್ನು ವೈದ್ಯರೇ ವರದಿ ಮಾಡುವಂತೆ ವಿಧಿಸಲು ಅದರಲ್ಲಿ ಅವಕಾಶವಿದೆ. ಊಟಿಯ ವೈದ್ಯರು ಬರೆದ ಚೀಟಿ ಮರುದಿನವೇ ಗುಂಡ್ಲುಪೇಟೆಯ ಆಹಾರ ಸುರಕ್ಷತಾಧಿಕಾರಿಯ ಮೇಜಿಗೆ ಬಂದರೆ, ಆ ಅಡುಗೆಮನೆಯ ನೀರಿನ ತೊಟ್ಟಿ ತೊಳೆದು ಒಣಗುವ ಮೊದಲೇ ಅವರು ಅಲ್ಲಿರುತ್ತಾರೆ.