ಮುಂಬಯಿಯ ಕನ್ನಡ ರಾತ್ರಿ ಶಾಲೆ: ಆರೂವರೆಯ ಗಂಟೆ



ಮುಂಬಯಿಯ ನಮ್ಮ ಸಂಘಸಂಸ್ಥೆಗಳ ಸನ್ಮಾನ ಸಮಾರಂಭಗಳಿಗೆ ನೀವು ಹೋಗಿಯೇ ಇರುತ್ತೀರಿ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆದ ಮೇಲೆ ಸನ್ಮಾನಿತರು ಮೈಕಿನ ಮುಂದೆ ಬರುತ್ತಾರೆ. ಚಿಕ್ಕ ವಯಸ್ಸಿಗೇ ಊರು ಬಿಟ್ಟೆ, ಹೋಟೆಲಿನಲ್ಲಿ ಗ್ಲಾಸು ತೊಳೆದೆ, ರಾತ್ರಿ ಶಾಲೆಯಲ್ಲಿ ಓದಿದೆ... ಅಲ್ಲಿಂದ ಮುಂದಿನದು ನಮಗೆಲ್ಲ ಬಾಯಿಪಾಠ. ಸಭೆ ಚಪ್ಪಾಳೆ ತಟ್ಟುತ್ತದೆ, ಊಟಕ್ಕೆ ಏಳುತ್ತದೆ. ನಡುವೆ ಒಂದೇ ಮಾತಿನಲ್ಲಿ ಬಂದುಹೋಗುವ ಆ ರಾತ್ರಿ ಶಾಲೆ ಎಂದರೆ ಏನು, ಕಟ್ಟಿದವರು ಯಾರು, ನಡೆಯುತ್ತಿದ್ದುದು ಹೇಗೆ ಎಂದು ಕೇಳುವವರು ಕಡಿಮೆ. ಈ ಸಲದ ನಮ್ಮ ಪುಟ ಅದಕ್ಕೇ ಮೀಸಲು.

ದುಡಿಯುವವರಿಗೆ ಕತ್ತಲಾದ ಮೇಲೆ ಪಾಠ ಹೇಳುವ ಕೆಲಸ ಈ ಸೀಮೆಯಲ್ಲಿ ಹಳೆಯದು. ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ದಂಪತಿ 1855ರಲ್ಲಿ ಪುಣೆಯಲ್ಲಿ ಕೂಲಿಕಾರರಿಗಾಗಿ ರಾತ್ರಿ ಶಾಲೆ ತೆರೆದರು. ಮುಂಬಯಿಯಲ್ಲಿ ಎನ್.ಎಂ. ಜೋಶಿಯವರು 1911ರಲ್ಲಿ ಕಟ್ಟಿದ ಸೋಷಿಯಲ್ ಸರ್ವಿಸ್ ಲೀಗ್ ಕಾರ್ಮಿಕರಿಗೆ ರಾತ್ರಿ ತರಗತಿಗಳನ್ನು ನಡೆಸಿತು. ಆದರೆ ಕನ್ನಡಿಗರು ಲೀಗಿನ ದಾರಿ ಕಾಯಲಿಲ್ಲ. ಕರಾವಳಿಯ ಮೀನುಗಾರ ಸಮಾಜದವರು 1902ರಲ್ಲಿಯೇ ಇಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಸ್ಥಾಪಿಸಿದ್ದರು. ಆರು ವರ್ಷ ಕಳೆದು, 1908ರಲ್ಲಿ, ಮಂಡಳಿಯ ರಾತ್ರಿ ಶಾಲೆ ಆರಂಭವಾಯಿತು. ಅದರ ಹೆಸರಿನಲ್ಲಿಯೇ 'ಫ್ರೀ' ಎಂಬ ಪದವಿದೆ. ಫೀಸಿಲ್ಲದ ಶಾಲೆ! ಊರಿಗೆ ಮನಿಯಾರ್ಡರು ಕಳಿಸಬೇಕಾದ ಹುಡುಗನಿಗೆ ಆ ಒಂದು ಪದದ ಬೆಲೆ ಎಷ್ಟೆಂದು ನಾನು ಬಿಡಿಸಿ ಹೇಳಬೇಕಿಲ್ಲ. 1932ರಲ್ಲಿ ಹುಟ್ಟಿದ ಬಿಲ್ಲವರ ಅಸೋಸಿಯೇಶನ್ ಕೂಡ ಮುಂದೆ ಗುರುನಾರಾಯಣ ರಾತ್ರಿ ಪ್ರೌಢಶಾಲೆಯನ್ನು ನಡೆಸಿತು. ಹಗಲು ಶಾಲೆಗಳೂ ಇದ್ದವು: ವಡಾಲದ ಎನ್.ಕೆ.ಇ.ಎಸ್., ಫೋರ್ಟಿನ ಕನ್ನಡ ಭವನ, ಮಹಾನಗರಪಾಲಿಕೆಯ ಕನ್ನಡ ಶಾಲೆಗಳು. ಆದರೆ ಹಗಲು ಹೊತ್ತು ಯಾರ ಕೈಯಲ್ಲಿತ್ತೋ ಅವರ ಮಕ್ಕಳಿಗಷ್ಟೇ ಹಗಲು ಶಾಲೆ.

ಇಲ್ಲಿ ಒಂದು ಸ್ವಾರಸ್ಯವಿದೆ. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಹಾಗಾಗಿ ಈ ಪಟ್ಟಣದಲ್ಲಿ ಕನ್ನಡವೆಂದರೆ ಪ್ರಾಂತದ ಭಾಷೆಗಳಲ್ಲೊಂದು, ಪರಸ್ಥಳದ ನುಡಿಯೇನಲ್ಲ. ಸಾಹಿತ್ಯ ಸಮ್ಮೇಳನ 1935ರಲ್ಲಿ ಇಲ್ಲಿ ನಡೆಯಿತು, 1951ರಲ್ಲಿ ಗೋವಿಂದ ಪೈಗಳ ಅಧ್ಯಕ್ಷತೆಯಲ್ಲಿ ಮತ್ತೊಮ್ಮೆ ನಡೆಯಿತು. ಆದರೆ ರಾತ್ರಿ ಶಾಲೆಯ ಬೆಂಚು ತುಂಬಿದವರು ಹೆಚ್ಚಾಗಿ ಉಡುಪಿ, ಕುಂದಾಪುರ, ಕಾರ್ಕಳದ ಕಡೆಯವರು. ಅವರ ಜಿಲ್ಲೆ ಆಗ ಮದ್ರಾಸು ಪ್ರಾಂತದಲ್ಲಿತ್ತು! ಅವರಲ್ಲಿ ಎಷ್ಟೋ ಜನರ ಮನೆಮಾತು ತುಳು, ಕೆಲವರದು ಕೊಂಕಣಿ. ಊರಿನ ಶಾಲೆಯಲ್ಲಿ ಮೂರೋ ನಾಲ್ಕೋ ತರಗತಿ ಓದಿದ್ದು ಕನ್ನಡದಲ್ಲಿ, ಆದ್ದರಿಂದ ಇಲ್ಲಿಯೂ ಕನ್ನಡವೇ ಕೈಹಿಡಿಯಿತು.

ಇನ್ನು ಶಾಲೆಯ ದಿನಚರಿ. ಸಂಜೆ ಸುಮಾರು ಆರೂವರೆಗೆ ಗಂಟೆ, ರಾತ್ರಿ ಒಂಬತ್ತೂವರೆಗೆ ಮುಗಿತಾಯ. ಈ ಮೂರು ಗಂಟೆಯಲ್ಲಿ ಹಗಲು ಶಾಲೆಯ ಮಕ್ಕಳು ಓದುವುದನ್ನೇ ಓದಿ, ಅದೇ ಎಸ್ಸೆಸ್ಸಿ ಪರೀಕ್ಷೆಗೆ ಕೂರಬೇಕು. ರಾತ್ರಿಯವರಿಗೆಂದು ಬೇರೆ ಪ್ರಶ್ನೆಪತ್ರಿಕೆ ಇಲ್ಲ. ಮುಂಬಯಿಯ ರಾತ್ರಿ ಶಾಲೆಗಳಿಗೆ ಸಾಮಾನ್ಯವಾಗಿ ಸ್ವಂತ ಕಟ್ಟಡವಿರುವುದಿಲ್ಲ. ಹಗಲು ಬೇರೆ ಶಾಲೆ ನಡೆಯುವ ಕೋಣೆಗಳಲ್ಲೇ ಸಂಜೆ ಇವರ ತರಗತಿ. ಪ್ರಯೋಗಶಾಲೆಯ, ಪುಸ್ತಕದ ಕಪಾಟಿನ ಬೀಗದಕೈ ಹಗಲಿನವರ ಹತ್ತಿರ. ಮೀಸೆ ಮೂಡಿದ ಎಂಟನೇ ತರಗತಿಯ ವಿದ್ಯಾರ್ಥಿ ಚಿಕ್ಕ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂರಬೇಕು. ಆಟದ ಮೈದಾನದ ಮಾತು ಬಿಡಿ. ಕತ್ತಲಲ್ಲಿ ಆಡುವುದಾದರೂ ಏನನ್ನು?

ಆರೂವರೆಗೆ ಹುಡುಗ ಅಲ್ಲಿರಬೇಕಾದರೆ ಆರಕ್ಕೆ ಹೋಟೆಲಿನ ಧಣಿ ಬಿಡಬೇಕು. ಇಡೀ ವ್ಯವಸ್ಥೆ ನಿಂತಿದ್ದುದು ಈ ಒಂದು ಗಂಟಿನ ಮೇಲೆ. ಫೋರ್ಟಿನಂಥ ಜಾಗದಲ್ಲಿ ಇದು ಸಾಧ್ಯವಿತ್ತು. ಅಲ್ಲಿನ ಹೋಟೆಲಿಗೆ ಗಿರಾಕಿಗಳೆಂದರೆ ಆಫೀಸಿನವರು. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ರೈಸ್ ಪ್ಲೇಟು, ನಾಲ್ಕಕ್ಕೆ ಚಹಾ. ಆರಕ್ಕೆ ಎಲ್ಲರೂ ವಿ.ಟಿ., ಚರ್ಚ್‌ಗೇಟಿನ ಕಡೆ ಓಡಿದರೆ ಟೇಬಲ್ಲುಗಳು ಖಾಲಿ. ಬಿಡುವುದರಿಂದ ಧಣಿಗೆ ದೊಡ್ಡ ನಷ್ಟವಿಲ್ಲ. ಜತೆಗೆ ಧಣಿ, ಶಾಲೆಯ ಕಮಿಟಿಯವರು, ಹುಡುಗನನ್ನು ಊರಿನಿಂದ ಕರೆತಂದ ಮಾವ ಎಲ್ಲರೂ ಹೆಚ್ಚುಕಡಿಮೆ ಒಂದೇ ತಾಲೂಕಿನವರು. ಹುಡುಗ ನಾಲ್ಕು ದಿನ ಶಾಲೆಗೆ ಬಾರದಿದ್ದರೆ ಮಾತು ಗಲ್ಲಾದವರೆಗೂ ತಲುಪುತ್ತಿತ್ತು. ಬಿಡದ ಧಣಿಗಳೂ ಇದ್ದರು ಎನ್ನುವುದನ್ನು ಮರೆಯಬಾರದು. ಅವರ ಹೋಟೆಲಿನ ಹುಡುಗರು ಯಾವ ಸನ್ಮಾನದ ವೇದಿಕೆಗೂ ಬಂದಿಲ್ಲ.

ಪುಸ್ತಕಗಳದ್ದು ಇನ್ನೊಂದು ಕಥೆ. ಕರ್ನಾಟಕದಿಂದ ಬಂದ ಹುಡುಗನಿಗೆ ಇಲ್ಲಿ ಸಿಗುವುದು ಮಹಾರಾಷ್ಟ್ರದ ಕನ್ನಡ ಪುಸ್ತಕ. 1967ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಬಾಲಭಾರತಿ ಕನ್ನಡದಲ್ಲಿಯೂ ಪಠ್ಯಗಳನ್ನು ಅಚ್ಚು ಹಾಕುತ್ತ ಬಂದಿದೆ. ಅಕ್ಕಲಕೋಟೆ, ಜತ್ತ ತಾಲೂಕುಗಳ ಕನ್ನಡ ಶಾಲೆಗಳಿಗೂ ಅದೇ ಪುಸ್ತಕ. ಕೊಂಕಣ ಕಡಲ ಈ ತುದಿಯಲ್ಲಿ ಗ್ಲಾಸು ತೊಳೆಯುವ ಹುಡುಗನೂ ಜತ್ತದ ಜೋಳದ ಹೊಲದ ಹುಡುಗನೂ ಒಂದೇ ಪಾಠ ಓದುತ್ತಿದ್ದರು. ಒಬ್ಬರ ಕನ್ನಡ ಇನ್ನೊಬ್ಬರಿಗೆ ಕೇಳಿಸಿದ್ದರೆ ಇಬ್ಬರೂ ನಕ್ಕುಬಿಡುತ್ತಿದ್ದರೇನೋ! ತರಗತಿಯಲ್ಲಿ ಕನ್ನಡ, ಪಠ್ಯದಲ್ಲಿ ಮರಾಠಿ ಮತ್ತು ಇಂಗ್ಲಿಷು, ಗಿರಾಕಿಯ ಜತೆ ಬಂಬಯ್ಯಾ ಹಿಂದಿ, ಅಡುಗೆಮನೆಯಲ್ಲಿ ಭಟ್ಟರ ಜತೆ ತುಳು. ಒಂದು ದಿನಕ್ಕೆ ಐದು ಭಾಷೆ. ಕನ್ನಡ ಬಿ.ಎ. ಮಾಡಿದ ನನಗೆ ಇಂದಿಗೂ ಅಷ್ಟು ಸಲೀಸಿಲ್ಲ.

ಹಾಗಾದರೆ ಈ ಶಾಲೆಗಳು ಸೊರಗಿದ್ದೇಕೆ? ಇಂಗ್ಲಿಷ್ ಮಾಧ್ಯಮದ ಮೋಹ ಎಂದು ಎಲ್ಲರೂ ಹೇಳುತ್ತಾರೆ. ಹಗಲು ಶಾಲೆಗಳ ಮಟ್ಟಿಗೆ ಅದು ನಿಜವೇ. ರಾತ್ರಿ ಶಾಲೆಯ ಮಟ್ಟಿಗೆ ನನಗೆ ಬೇರೆ ಕಾರಣಗಳು ದೊಡ್ಡವೆನಿಸುತ್ತವೆ. ಪಾನನಿಷೇಧ ಸಡಿಲವಾದ ಮೇಲೆ ನಮ್ಮವರ ಎಷ್ಟೋ ಹೋಟೆಲುಗಳು ಪರ್ಮಿಟ್ ರೂಮುಗಳಾದವು. ಅಲ್ಲಿ ವ್ಯಾಪಾರ ಶುರುವಾಗುವುದೇ ಸಂಜೆ ಏಳಕ್ಕೆ. ಹುಡುಗನನ್ನು ಆರಕ್ಕೆ ಬಿಡುವ ಗಂಟು ಅಲ್ಲಿಯೇ ಬಿಚ್ಚಿಹೋಯಿತು. 1982ರ ಜನವರಿಯಲ್ಲಿ ಆರಂಭವಾದ ಗಿರಣಿ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಅವುಗಳ ಕ್ಯಾಂಟೀನು, ಸುತ್ತಲಿನ ಚಹಾ ಹೋಟೆಲುಗಳ ಕೆಲಸವೂ ಹೋಯಿತು. ಆಮೇಲೆ ಬಂದದ್ದು ಕಾನೂನು. 2006ರ ಅಕ್ಟೋಬರ್ 10ರಿಂದ ಹದಿನಾಲ್ಕರೊಳಗಿನ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸುವುದು ನಿಷಿದ್ಧವಾಯಿತು. 2010ರ ಏಪ್ರಿಲ್ 1ರಂದು ಶಿಕ್ಷಣದ ಹಕ್ಕಿನ ಕಾಯ್ದೆ ಜಾರಿಗೆ ಬಂತು. ಹನ್ನೆರಡರ ಹುಡುಗ ಈಗ ಇರಬೇಕಾದುದು ಹಗಲು ಶಾಲೆಯಲ್ಲಿ. ಅಷ್ಟರಲ್ಲಿ ಕರಾವಳಿಯಲ್ಲಿಯೂ ಮಕ್ಕಳನ್ನು ಈ ದಾರಿಗೆ ಕಳಿಸುವ ಮನೆಗಳು ಕಡಿಮೆಯಾಗಿದ್ದವು. 2017ರ ಮೇ ತಿಂಗಳಲ್ಲಿ ಹಗಲು ಶಾಲೆಯ ಶಿಕ್ಷಕರು ರಾತ್ರಿ ಶಾಲೆಯಲ್ಲಿ ಎರಡನೇ ನೌಕರಿ ಮಾಡುವಂತಿಲ್ಲ ಎಂದು ಮಹಾರಾಷ್ಟ್ರ ಸರಕಾರ ಆದೇಶಿಸಿತು. ಮರಾಠಿ, ಹಿಂದಿ ರಾತ್ರಿ ಶಾಲೆಗಳೇ ತತ್ತರಿಸಿದವು ಎಂದ ಮೇಲೆ ಈ ಊರಿನಲ್ಲಿ ಕನ್ನಡ ಮಾಧ್ಯಮದ ಮೇಷ್ಟರನ್ನು ಎಲ್ಲಿಂದ ತರುವುದು?

ರಾತ್ರಿ ಶಾಲೆ ಕಣ್ಮರೆಯಾಯಿತೆಂದು ಹಲುಬುವ ಭಾಷಣಗಳನ್ನು ಕೇಳುವಾಗ ನನಗೆ ಕಸಿವಿಸಿಯಾಗುತ್ತದೆ. ಆ ಹುಡುಗರು ಮಕ್ಕಳಾಗಿದ್ದರು ಸ್ವಾಮಿ. ಬೆಳಗಿನ ಜಾವಕ್ಕೆ ಎದ್ದು, ಇಡೀ ದಿನ ನೀರಿನಲ್ಲಿ ಕೈಯಿಟ್ಟು, ಸಂಜೆ ಬೀಜಗಣಿತದ ಮುಂದೆ ತೂಕಡಿಸಿದವರು. ಆ ಬೆಂಚು ಖಾಲಿಯಾದದ್ದು ಒಳ್ಳೆಯದೇ. ಆದರೆ ಅಲ್ಲಿ ಕೂತವರ ದಾಖಲೆ?

ಮಹಾರಾಷ್ಟ್ರದ ಪ್ರತಿ ಶಾಲೆಯಲ್ಲಿಯೂ ಜನರಲ್ ರಿಜಿಸ್ಟರ್ ಎಂಬ ದಪ್ಪ ಪುಸ್ತಕವಿರುತ್ತದೆ. ಹೆಸರು, ಹುಟ್ಟಿದ ಊರು, ಜನ್ಮದಿನಾಂಕ, ಹಿಂದೆ ಓದಿದ ಶಾಲೆ, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ. ಶಾಲೆ ಬಿಡುವಾಗ ಕೊಡುವ ಲೀವಿಂಗ್ ಸರ್ಟಿಫಿಕೇಟು ಇದರದ್ದೇ ನಕಲು. ಹೋಟೆಲುಗಳು ಮಾಣಿಗಳ ಹೆಸರನ್ನು ಕಾಯ್ದಿಡಲಿಲ್ಲ, ಸಂಘದ ಸ್ಮರಣ ಸಂಚಿಕೆಗಳು ಗೆದ್ದವರದ್ದಷ್ಟೇ ಬರೆದವು. ಎಸ್ಸೆಸ್ಸಿ ಮುಟ್ಟದೆ ಏಳರಲ್ಲೋ ಎಂಟರಲ್ಲೋ ನಿಂತ ಹುಡುಗನ ಹೆಸರು, ಅವನ ಊರಿನ ಹೆಸರಿನ ಸಮೇತ, ಉಳಿದಿರುವ ಜಾಗವೆಂದರೆ ಆ ಪುಸ್ತಕ. ಶಾಲೆ ಮುಚ್ಚಿದರೆ ಕಪಾಟು ಯಾರದೋ ಪಾಲಾಗುತ್ತದೆ, ಮುಂಬಯಿಯ ಮಳೆಗಾಲ ಮತ್ತು ಗೆದ್ದಲು ಉಳಿದದ್ದನ್ನು ನೋಡಿಕೊಳ್ಳುತ್ತವೆ. ಸಂಘಗಳು ಹೊಸ ಸಭಾಗೃಹಕ್ಕೆ ದೇಣಿಗೆ ಎತ್ತುವ ಮೊದಲು ಈ ಪುಸ್ತಕಗಳ ಫೋಟೋ ತೆಗೆಸಿಡಲಿ. ಅದಕ್ಕೆ ಒಂದು ಸನ್ಮಾನದ ಖರ್ಚೂ ಬೀಳುವುದಿಲ್ಲ.

ನಿಮ್ಮ ಮನೆಯಲ್ಲಿಯೂ ಹುಡುಕಿ ನೋಡಿ. ಅಪ್ಪನದೋ ಅಜ್ಜನದೋ ಹಳೆಯ ಟ್ರಂಕಿನಲ್ಲಿ, ರೇಷನ್ ಕಾರ್ಡಿನ ಮಡಿಕೆಯೊಳಗೆ, ರಾತ್ರಿ ಶಾಲೆಯ ಸರ್ಟಿಫಿಕೇಟು ಇದ್ದರೂ ಇದ್ದೀತು. ಸಿಕ್ಕರೆ 'ಶಾಲೆ ಬಿಟ್ಟ ಕಾರಣ' ಎಂಬ ಅಂಕಣದಲ್ಲಿ ಏನು ಬರೆದಿದೆ ಎಂದು ಓದಿ, ನಮ್ಮ ಕಾರ್ಯಕ್ರಮಕ್ಕೆ ಒಂದು ಕಾಗದ ಹಾಕಿ.