ಹಾಡು ಉಳಿದು ಹೆಸರು ಅಳಿಯದಿರಲಿ: ಡಿಜಿಟಲ್ ಸಂಗೀತ ಕಡತಗಳ ಟ್ಯಾಗ್ ತಿದ್ದುವ ಕ್ರಮ

ಡಿಜಿಟಲ್ ಸಂಗೀತ ಕಡತದೊಳಗೆ ಧ್ವನಿಯ ಜೊತೆಯಲ್ಲಿಯೇ ಅಡಕವಾಗಿರುವ ಬರಹರೂಪದ ವಿವರಗಳಿಗೆ ‘ಟ್ಯಾಗ್’ ಎಂದು ಹೆಸರು. ಹಾಡಿನ ಶೀರ್ಷಿಕೆ, ಗಾಯಕರು, ಸಾಹಿತ್ಯ ರಚಿಸಿದವರು, ರಾಗ ಸಂಯೋಜಿಸಿದವರು, ಆಲ್ಬಂ, ವರ್ಷ, ಮುಖಪುಟದ ಚಿತ್ರ ಮುಂತಾದವು ಇದರಲ್ಲಿ ಸೇರುತ್ತವೆ. ಮೊಬೈಲಿನ ಪರದೆಯ ಮೇಲೆ ಹಾಡಿನ ಹೆಸರು ಮೂಡುವುದು ಈ ಟ್ಯಾಗ್‌ನಿಂದಲೇ. ಅದು ಖಾಲಿಯಾಗಿದ್ದರೆ ‘ಟ್ರ್ಯಾಕ್ 01’, ‘ಅಪರಿಚಿತ ಗಾಯಕ’ ಎಂಬ ಅರ್ಥಹೀನ ಪದಗಳಷ್ಟೇ ಕಾಣಿಸುತ್ತವೆ.

ಹೆಸರು ದಾಖಲಿಸುವ ಹಳೆಯ ಪರಿ

ಹಾಡಿಗೆ ಹೆಸರು ಅಂಟಿಸುವ ಚಿಂತೆ ಗಣಕಯಂತ್ರದಿಂದ ಆರಂಭವಾದುದಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮೊಫೋನ್ ಕಂಪನಿಗಾಗಿ ಹಾಡಿದ ಗೌಹರ್ ಜಾನ್ ಅವರು ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು. ಮುದ್ರಿಕೆಗಳು ಜರ್ಮನಿಯ ಹ್ಯಾನೋವರ್‌ಗೆ ಹೋಗಿ ಅಲ್ಲಿ ತಟ್ಟೆಗಳಾಗುತ್ತಿದ್ದ ಕಾರಣ, ಲೇಬಲ್ ಅಂಟಿಸುವವರಿಗೆ ಗಾಯಕಿ ಯಾರೆಂದು ತಿಳಿಯಲು ಈ ಏರ್ಪಾಡು ನೆರವಾಗುತ್ತಿತ್ತು. ಮುಂದೆ ಮೈಸೂರು ಅರಮನೆಯ ಆಶ್ರಯ ಪಡೆದ ಅವರು 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ನಿಧನರಾದರು.

ಕನ್ನಡದಲ್ಲಿ ಇದಕ್ಕಿಂತ ಶತಮಾನಗಳಷ್ಟು ಹಳೆಯದಾದ ಪದ್ಧತಿಯೊಂದಿದೆ. ವಚನಕಾರರು ಹಾಗೂ ಹರಿದಾಸರ ‘ಅಂಕಿತ’ವೇ ಅದು. ‘ಕೂಡಲಸಂಗಮದೇವ’ ಎಂದರೆ ಬಸವಣ್ಣ, ‘ಚೆನ್ನಮಲ್ಲಿಕಾರ್ಜುನ’ ಎಂದರೆ ಅಕ್ಕಮಹಾದೇವಿ, ‘ಪುರಂದರ ವಿಠಲ’ ಎಂದರೆ ಪುರಂದರದಾಸರು, ‘ಕಾಗಿನೆಲೆ ಆದಿಕೇಶವ’ ಎಂದರೆ ಕನಕದಾಸರು. ರಚನಕಾರನ ಗುರುತು ರಚನೆಯೊಳಗೇ ಹೆಣೆದುಕೊಂಡಿರುವುದರಿಂದ, ಬಾಯಿಂದ ಬಾಯಿಗೆ ಸಾಗಿದರೂ ಅದು ಬಹುಮಟ್ಟಿಗೆ ಉಳಿದು ಬಂದಿದೆ. ಆಧುನಿಕ ಭಾವಗೀತೆಗೆ ಅಂಕಿತವಿಲ್ಲ. 1978ರ ‘ನಿತ್ಯೋತ್ಸವ’ ಧ್ವನಿಸುರುಳಿಯ ಹೊದಿಕೆಯನ್ನು ಓದಿದವರಿಗೆ ಕವಿ ಕೆ.ಎಸ್. ನಿಸಾರ್ ಅಹಮದ್, ರಾಗ ಸಂಯೋಜಕ ಮೈಸೂರು ಅನಂತಸ್ವಾಮಿ ಎಂಬುದು ತಿಳಿಯುತ್ತಿತ್ತು. ಧ್ವನಿಸುರುಳಿಯಿಂದ ಎಂಪಿ3 ಮಾಡುವಾಗ ಹಾಡು ಬರುತ್ತದೆ, ಹೊದಿಕೆ ಬರುವುದಿಲ್ಲ. ಅಲ್ಲಿ ಮೊದಲು ಕಳೆದುಹೋಗುವುದು ಕವಿಯ ಹೆಸರು.

ಟ್ಯಾಗ್‌ಗಳ ರಚನೆ

ಎಂಪಿ3 ಕಡತಗಳಲ್ಲಿ ಬಳಕೆಯಲ್ಲಿರುವ ಪದ್ಧತಿ ‘ಐಡಿ3’. 1996ರಲ್ಲಿ ಬಂದ ಇದರ ಮೊದಲ ಆವೃತ್ತಿಯು ಕಡತದ ತುದಿಯಲ್ಲಿ 128 ಬೈಟ್‌ಗಳ ಜಾಗವನ್ನು ಮಾತ್ರ ಬಳಸುತ್ತಿತ್ತು. ಶೀರ್ಷಿಕೆ, ಗಾಯಕ, ಆಲ್ಬಂ, ಟಿಪ್ಪಣಿ – ಇವಕ್ಕೆ ತಲಾ 30 ಬೈಟ್, ವರ್ಷಕ್ಕೆ 4, ಪ್ರಕಾರಕ್ಕೆ 1. ಕವಿಗಾಗಲೀ ರಾಗ ಸಂಯೋಜಕರಿಗಾಗಲೀ ಪ್ರತ್ಯೇಕ ಸ್ಥಾನವಿರಲಿಲ್ಲ. ಪ್ರಕಾರಗಳ ಮೂಲ ಪಟ್ಟಿಯಲ್ಲಿದ್ದ 80 ಹೆಸರುಗಳಲ್ಲಿ ವಚನ, ದಾಸರ ಪದ, ಭಾವಗೀತೆಗಳು ಇರಲಿಲ್ಲ.

1998ರಲ್ಲಿ ಬಂದ ಎರಡನೆಯ ಪೀಳಿಗೆಯು ಟ್ಯಾಗ್ ಅನ್ನು ಕಡತದ ಆರಂಭಕ್ಕೆ ತಂದು, ಉದ್ದದ ಮಿತಿಯನ್ನು ಬಹುತೇಕ ತೆಗೆದುಹಾಕಿತು. ಸಾಹಿತ್ಯ ರಚನಕಾರ, ಸಂಗೀತ ಸಂಯೋಜಕ, ಭಾಷೆ, ಹಾಡಿನ ಪೂರ್ಣ ಪಠ್ಯ, ಚಿತ್ರ – ಪ್ರತಿಯೊಂದಕ್ಕೂ ಬೇರೆ ಬೇರೆ ಅಂಕಣಗಳು ದೊರೆತವು. ಪ್ರಕಾರದ ಅಂಕಣದಲ್ಲಿ ‘ತತ್ವಪದ’ ಎಂದು ಕನ್ನಡದಲ್ಲಿಯೇ ಬರೆಯಬಹುದು. ಇಂದು ಹೆಚ್ಚು ಬಳಕೆಯಲ್ಲಿರುವವು 1999ರ 2.3 ಹಾಗೂ 2000ದ 2.4 ಆವೃತ್ತಿಗಳು. ಫ್ಲಾಕ್ ಕಡತಗಳಲ್ಲಿ ‘ವೋರ್ಬಿಸ್ ಕಾಮೆಂಟ್’ ಎಂಬ ಬೇರೆ ಪದ್ಧತಿಯಿದ್ದು, ಅದು ಮೊದಲಿನಿಂದಲೂ ಯುಟಿಎಫ್-8ನ್ನೇ ಬಳಸುತ್ತದೆ.

ಟ್ಯಾಗ್ ತಿದ್ದುವುದರಿಂದ ಧ್ವನಿಯ ಗುಣಮಟ್ಟ ಕುಗ್ಗುವುದಿಲ್ಲ. ಬರಹದ ಭಾಗವೂ ಧ್ವನಿಯ ಭಾಗವೂ ಪ್ರತ್ಯೇಕವಾಗಿರುವುದೇ ಇದಕ್ಕೆ ಕಾರಣ.

ಕೆರೆಬಿಳಚಿಯ ಉದಾಹರಣೆ

ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಯಲ್ಲಿ ಅಜ್ಜಿಯೊಬ್ಬರು ಹಾಡಿದ ಪದವನ್ನು ಮೊಮ್ಮಗ ಧ್ವನಿಮುದ್ರಿಸಿ, ಶೀರ್ಷಿಕೆಗೆ ‘ಕೆರೆಬಿಳಚಿ ಸೋಬಾನೆ ಪದ’ ಎಂದು ಬರೆದನೆಂದು ಭಾವಿಸಬಹುದು. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ 3 ಬೈಟ್ ಬೇಕು; ಗುಣಿತ ಚಿಹ್ನೆಗಳನ್ನೂ ಪ್ರತ್ಯೇಕವಾಗಿ ಎಣಿಸಬೇಕು. ‘ಕೆರೆಬಿಳಚಿ’ ಎಂಬುದರಲ್ಲಿ 9 ಸಂಕೇತಗಳಿರುವುದರಿಂದ ಅದೊಂದೇ 27 ಬೈಟ್ ಆಗುತ್ತದೆ. ನಡುವಿನ ತೆರಪು ಸೇರಿದರೆ 28. ಹಳೆಯ ಐಡಿ3ಯಲ್ಲಿ ಉಳಿಯುವ 2 ಬೈಟ್‌ಗಳಲ್ಲಿ ‘ಸ’ ಅಕ್ಷರವೂ ಪೂರ್ತಿ ಹಿಡಿಸದು. ಊರಿನ ಹೆಸರಿನ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಕಾಣಿಸಿಕೊಂಡು, ಸೋಬಾನೆ ಮಾಯವಾಗುತ್ತದೆ. ಕನ್ನಡದಲ್ಲಿ ಬರೆಯುವವರು ಎರಡನೆಯ ಪೀಳಿಗೆಯ ಟ್ಯಾಗ್ ಅನ್ನೇ ಆರಿಸಿಕೊಳ್ಳಬೇಕು ಎನ್ನುವುದು ಇದಕ್ಕಾಗಿ.

ಸ್ಥಳ ಹಾಗೂ ಕಾಲದ ದಾಖಲೆಯಲ್ಲಿಯೂ ಎಚ್ಚರ ಬೇಕು. ದಾವಣಗೆರೆ ಜಿಲ್ಲೆ ರಚನೆಯಾದುದು 1997ರಲ್ಲಿ. ಅದಕ್ಕೆ ಮೊದಲು ಚನ್ನಗಿರಿ ತಾಲ್ಲೂಕು ಶಿವಮೊಗ್ಗ ಜಿಲ್ಲೆಗೆ ಸೇರಿತ್ತು. 1990ರ ಧ್ವನಿಸುರುಳಿಯೊಂದರ ಮೇಲೆ ‘ಕೆರೆಬಿಳಚಿ, ಶಿವಮೊಗ್ಗ ಜಿಲ್ಲೆ’ ಎಂದಿದ್ದರೆ ಅದು ತಪ್ಪಲ್ಲ. ಆ ಬರಹವನ್ನು ಅಳಿಸದೆ, ಇಂದಿನ ಜಿಲ್ಲೆಯ ಹೆಸರನ್ನು ಅದರ ಪಕ್ಕದಲ್ಲಿ ಸೇರಿಸುವುದು ಸರಿಯಾದ ಕ್ರಮ. ಹಾಡಿದವರ ಹೆಸರು, ಊರು, ಮುದ್ರಿಸಿದ ದಿನಾಂಕಗಳನ್ನು ಟಿಪ್ಪಣಿಯ ಅಂಕಣದಲ್ಲಿ ನಮೂದಿಸಬೇಕು. ಜನಪದ ಹಾಡಿಗೆ ಕವಿಯ ಹೆಸರಿಲ್ಲದಿದ್ದರೂ ಹಾಡಿದ ಕಂಠಕ್ಕೆ ಹೆಸರಿರುತ್ತದೆ.

ಕನ್ನಡ ಅಕ್ಷರಗಳ ತೊಡಕು

ಯುನಿಕೋಡ್‌ನ ಮೊದಲ ಆವೃತ್ತಿ 1991ರಲ್ಲಿ ಪ್ರಕಟವಾದಾಗಲೇ ಕನ್ನಡಕ್ಕೆ ಅಲ್ಲಿ ಸ್ಥಾನವಿತ್ತಾದರೂ, ಅದು ಮನೆಮನೆಯ ಗಣಕಗಳಿಗೆ ತಲುಪಲು ವರ್ಷಗಳೇ ಹಿಡಿದವು. ಅಲ್ಲಿಯವರೆಗೆ ನುಡಿ, ಬರಹ ತಂತ್ರಾಂಶಗಳ ಅಕ್ಷರಶೈಲಿಗಳಲ್ಲಿ ಟೈಪ್ ಮಾಡಿದ ಬರಹವು ಒಳಗೆ ರೋಮನ್ ಸಂಕೇತಗಳಾಗಿಯೇ ಉಳಿಯುತ್ತಿತ್ತು. ಅಂತಹ ಟ್ಯಾಗ್ ಇಂದಿನ ಮೊಬೈಲಿನಲ್ಲಿ ಅರ್ಥವಾಗದ ಚಿಹ್ನೆಗಳ ಸಾಲಾಗಿ ಕಾಣುತ್ತದೆ. ಮಾಹಿತಿ ನಾಶವಾಗಿರುವುದಿಲ್ಲ, ಯುನಿಕೋಡ್ ಪರಿವರ್ತಕದ ಮೂಲಕ ಅದನ್ನು ಮರಳಿ ಪಡೆಯಬಹುದು. ಆದಕಾರಣ ಅಳಿಸುವ ಮುನ್ನ ಪರಿವರ್ತಿಸಿ ನೋಡುವುದು ಒಳಿತು.

ಹೆಸರಿನ ಏಕರೂಪತೆ ಇನ್ನೊಂದು ತೊಡಕು. ಬೇಂದ್ರೆಯವರ ಗೀತೆಗಳು ಒಂದೆಡೆ ‘ದ.ರಾ. ಬೇಂದ್ರೆ’ ಎಂದೂ ಮತ್ತೊಂದೆಡೆ ‘ಅಂಬಿಕಾತನಯದತ್ತ’ ಎಂದೂ ಇದ್ದರೆ, ಯಂತ್ರವು ಇಬ್ಬರು ಕವಿಗಳೆಂದು ತಿಳಿಯುತ್ತದೆ. ‘ಪಿ.ಬಿ. ಶ್ರೀನಿವಾಸ್’ ಎಂಬಲ್ಲಿ ಚುಕ್ಕಿಯ ನಂತರ ತೆರಪು ಬಿಟ್ಟರೂ ಬಿಡದಿದ್ದರೂ ಎರಡು ಹೆಸರುಗಳಾಗುತ್ತವೆ. ಒಂದೇ ರೂಪವನ್ನು ಆರಿಸಿಕೊಂಡು ಎಲ್ಲೆಡೆ ಪಾಲಿಸುವುದೇ ಪರಿಹಾರ.

ತಿದ್ದುವ ವಿಧಾನ

ವಿಂಡೋಸ್ ಬಳಕೆದಾರರಲ್ಲಿ ಎಂಪಿ3ಟ್ಯಾಗ್ ಜನಪ್ರಿಯ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ಕೆಲಸ ಮಾಡುವ ಮುಕ್ತ ತಂತ್ರಾಂಶಗಳೆಂದರೆ ಕಿಡ್3 ಮತ್ತು ಮ್ಯೂಸಿಕ್‌ಬ್ರೈನ್ಸ್ ಪಿಕಾರ್ಡ್. ಪಿಕಾರ್ಡ್ ಹಾಡಿನ ಧ್ವನಿಯನ್ನೇ ವಿಶ್ಲೇಷಿಸಿ, ಅಂತರಜಾಲದ ಕೋಶದಲ್ಲಿ ಅದರ ಗುರುತನ್ನು ಹುಡುಕುತ್ತದೆ. ಕೋಶಕ್ಕೆ ಯಾರೂ ಸೇರಿಸದ ಹಾಡು ಅದಕ್ಕೆ ಸಿಗದು. ಅನುಸರಿಸಬೇಕಾದ ಹೆಜ್ಜೆಗಳು ಇಂತಿವೆ:

1. ಮೂಲ ಕಡತಗಳ ಪ್ರತಿಯೊಂದನ್ನು ಬೇರೆಡೆ ತೆಗೆದಿಡಬೇಕು.
2. ಧ್ವನಿಸುರುಳಿಯ ಹೊದಿಕೆಯನ್ನೋ ಸಿ.ಡಿ.ಯ ಚೀಟಿಯನ್ನೋ ಎದುರಿಗಿಟ್ಟುಕೊಂಡು ಕವಿ, ಸಂಯೋಜಕ, ಗಾಯಕರನ್ನು ಅವರವರ ಅಂಕಣದಲ್ಲಿ ಬರೆಯಬೇಕು.
3. ಒಂದೇ ಆಲ್ಬಂನ ಹಾಡುಗಳನ್ನು ಒಟ್ಟಿಗೆ ಆರಿಸಿ ಆಲ್ಬಂ ಹೆಸರು, ವರ್ಷಗಳನ್ನು ಒಮ್ಮೆಗೇ ತುಂಬಬಹುದು. ಶೀರ್ಷಿಕೆಯನ್ನು ಹೀಗೆ ತುಂಬಿದರೆ ಎಲ್ಲ ಹಾಡುಗಳಿಗೂ ಒಂದೇ ಹೆಸರು ಬಂದುಬಿಡುತ್ತದೆ.
4. ಭಾಷೆಯ ಅಂಕಣದಲ್ಲಿ ಕನ್ನಡಕ್ಕೆ ನಿಗದಿಯಾದ ಮೂರಕ್ಷರದ ಅಂತರರಾಷ್ಟ್ರೀಯ ಸಂಕೇತವನ್ನು ನೀಡಬೇಕು.
5. ಖಚಿತವಿಲ್ಲದ ಹೆಸರನ್ನು ಊಹಿಸಿ ಬರೆಯಬಾರದು. ಖಾಲಿ ಅಂಕಣವನ್ನು ಮುಂದೆ ತುಂಬಬಹುದು, ತಪ್ಪು ಹೆಸರು ಪ್ರತಿಯಿಂದ ಪ್ರತಿಗೆ ಹಬ್ಬುತ್ತದೆ.

ಕಾನೂನಿನ ದೃಷ್ಟಿ

ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ 57ನೆಯ ಕಲಮು, ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನು ರಚನಕಾರನಿಗೆ ನೀಡುತ್ತದೆ. 2012ರ ತಿದ್ದುಪಡಿಯಲ್ಲಿ ಸೇರಿದ 65ಬಿ ಕಲಮು, ಕೃತಿ, ರಚನಕಾರ ಹಾಗೂ ಕಲಾವಿದರನ್ನು ಗುರುತಿಸುವ ಹಕ್ಕುಮಾಹಿತಿಯನ್ನು ಅಧಿಕಾರವಿಲ್ಲದೆ, ತಿಳಿದೂ ತೆಗೆದುಹಾಕುವುದನ್ನು ಅಥವಾ ಬದಲಿಸುವುದನ್ನು 2 ವರ್ಷಗಳವರೆಗಿನ ಸೆರೆವಾಸಕ್ಕೂ ದಂಡಕ್ಕೂ ಗುರಿಯಾಗಬಲ್ಲ ಅಪರಾಧವೆನ್ನುತ್ತದೆ. ಮುದ್ರಿಕೆಯನ್ನು ಜಗತ್ತಿನಾದ್ಯಂತ ಗುರುತಿಸುವ ‘ಐಎಸ್ಆರ್‌ಸಿ’ ಎಂಬ 12 ಅಕ್ಷರಗಳ ಸಂಕೇತವು ಟ್ಯಾಗ್‌ನಲ್ಲಿದ್ದರೆ ಅದನ್ನು ಮುಟ್ಟದಿರುವುದೇ ಲೇಸು.

ಧ್ವನಿಸುರುಳಿಗಳ ಹೊದಿಕೆಗಳು ಮಾಸುತ್ತಿವೆ. ಹಾಡಿದವರು ಯಾರೆಂದು ಕೇಳಿದರೆ ಹೇಳಬಲ್ಲ ಹಿರಿಯರು ಕಡಿಮೆಯಾಗುತ್ತಿದ್ದಾರೆ. ಇಂದು ಕೆಲವು ನಿಮಿಷಗಳಲ್ಲಿ ಬರೆದಿಡಬಹುದಾದ ಹೆಸರು, ಹೇಳುವವರು ಇಲ್ಲವಾದ ಮೇಲೆ ಎಷ್ಟು ಹುಡುಕಿದರೂ ದೊರೆಯದಿರಬಹುದು.