ಗೋಡೆ, ನೆಲ, ಗ್ಯಾಲರಿ: ಕರ್ನಾಟಕದ ಚಿತ್ರಕಲೆಗೆ ಒಂದೇ ಚರಿತ್ರೆ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಚಿತ್ರಕಲೆಗೆಂದೇ ಒಂದು ಭಾಗವಿದೆ. ಗೋಡೆಯನ್ನು ಹದಗೊಳಿಸುವ ಬಗೆ, ಎಮ್ಮೆಯ ಚರ್ಮ ಕುದಿಸಿ ವಜ್ರಲೇಪವೆಂಬ ಅಂಟು ತೆಗೆಯುವ ಕ್ರಮ, ಬಣ್ಣಗಳು, ಕುಂಚಗಳು ಎಲ್ಲದರ ವಿವರವೂ ಅಲ್ಲಿದೆ. ಚಿತ್ರದ ಪ್ರಕಾರಗಳನ್ನು ಹೇಳುವಾಗ ಆತ ವಿದ್ಧ, ಅವಿದ್ಧ, ಭಾವಚಿತ್ರ, ರಸಚಿತ್ರಗಳ ಸಾಲಿನಲ್ಲೇ ಧೂಳಿಚಿತ್ರವನ್ನೂ ಸೇರಿಸುತ್ತಾನೆ. ಬಣ್ಣದ ಪುಡಿಯಿಂದ ನೆಲದ ಮೇಲೆ ಬಿಡಿಸುವ ಚಿತ್ರ ಅದು. ನಮ್ಮ ರಂಗೋಲಿಯ ಕುಲದ್ದು. ಅರಮನೆಯ ಭಿತ್ತಿಗೂ ಅಂಗಳದ ನೆಲಕ್ಕೂ ಒಂದೇ ಶಾಸ್ತ್ರದಲ್ಲಿ ಜಾಗ ಕೊಟ್ಟ ಈ ದೃಷ್ಟಿ ಎಂಟುನೂರು ವರ್ಷಗಳ ಮೇಲೆ ನಮ್ಮ ಕಲಾಚರಿತ್ರೆಯ ಪುಸ್ತಕಗಳಲ್ಲಿ ಕಾಣುವುದಿಲ್ಲ. ಬಾದಾಮಿ, ಹಂಪಿ, ಮೈಸೂರು ಶೈಲಿ, ವೆಂಕಟಪ್ಪ, ಹೆಬ್ಬಾರ್, ಆಧುನಿಕರು ಎಂದು ಒಂದು ಸಾಲು ನಡೆಯುತ್ತದೆ. ಹಸೆ, ಕಾವಿ, ತೊಗಲುಗೊಂಬೆ, ಸಿನಿಮಾ ಕಟೌಟು ಬೇರೆ ಅಧ್ಯಾಯಕ್ಕೆ, ಹಲವು ಸಲ ಬೇರೆ ಪುಸ್ತಕಕ್ಕೇ ಹೋಗುತ್ತವೆ. ಈ ವಿಭಜನೆ ಹಳೆಯದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಈಚೆಗೆ ಅಚ್ಚಿನ ಯಂತ್ರ, ಕಲಾಶಾಲೆ ಮತ್ತು ಸರ್ಕಾರಿ ಸಂಸ್ಥೆಗಳು ಸೇರಿ ಎಳೆದ ಗೆರೆ ಇದು. ನಮ್ಮ ಅತ್ಯುತ್ತಮ ಕಲಾವಿದರು ಈಗಾಗಲೇ ದಾಟಿರುವ ಈ ಗೆರೆಯನ್ನು ಚರಿತ್ರೆ ಬರೆಯುವವರು ಇನ್ನೂ ದಾಟಿಲ್ಲ.

ಹಳೆಯ ಕಾಲದ ಸಾಕ್ಷ್ಯ ಸ್ಪಷ್ಟವಾಗಿದೆ. ಬಾದಾಮಿಯ ಮೂರನೆಯ ಗುಹೆಯಲ್ಲಿ, ಮಂಗಲೇಶನ 578ರ ಶಾಸನವಿರುವ ಕಡೆ, ಉಳಿದಿರುವ ಬಣ್ಣದ ತುಣುಕುಗಳು ಶಿಲ್ಪದಿಂದಾಗಲಿ ಪೂಜೆಯಿಂದಾಗಲಿ ಬೇರೆಯಾಗಿ ನಿಂತವಲ್ಲ. ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಛಾವಣಿಯೂ ಹಾಗೆಯೇ. ಆ ಛಾವಣಿ ತಮ್ಮ ಹಿರಿಯರ ಕೈಕೆಲಸವೆಂದು ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಇಂದಿಗೂ ನಂಬುತ್ತಾರೆ. ನಂಬಿಕೆಯನ್ನು ದಾಖಲೆಯೆಂದು ಒಪ್ಪಬೇಕಿಲ್ಲ. ಆದರೆ ಆ ಮನೆತನಗಳ ಕೆಲಸದ ಹರವನ್ನು ಗಮನಿಸಬೇಕು: ಗ್ರಾಮದೇವತೆಯ ಮೂರ್ತಿ, ಗೌರಿ, ತೊಟ್ಟಿಲು, ಮಕ್ಕಳ ಆಟಿಕೆ. ಹಗುರ ಮರದ ಮೇಲೆ ಹುಣಸೆ ಬೀಜದ ಅಂಟಿನಲ್ಲಿ ಮರದ ಪುಡಿ ಕಲಸಿದ ಕಿಟ್ಟ ಮೆತ್ತಿ ಬಣ್ಣ ಹಚ್ಚುವ ಅದೇ ಕೈಗಳು ದೇವರನ್ನೂ ಆಟಿಕೆಯನ್ನೂ ಮಾಡಿದವು. 1565ರ ನಂತರ ವಿಜಯನಗರದ ಚಿತ್ರಗಾರರು ಚದುರಿ, ಕೆಲವರು ಶ್ರೀರಂಗಪಟ್ಟಣಕ್ಕೆ ಬಂದು ಒಡೆಯರ ಆಶ್ರಯ ಪಡೆದರು. ಮೈಸೂರು ಶೈಲಿ ಬೆಳೆದದ್ದು ಹಾಗೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಶ್ರೀತತ್ತ್ವನಿಧಿಯಲ್ಲಿ ದೇವತೆಗಳ ಧ್ಯಾನಚಿತ್ರಗಳ ಜೊತೆಗೆ ಗಂಜೀಫಾ ಎಲೆಗಳ ಆಟಕ್ಕೂ ಜಾಗವಿದೆ. ಅರಮನೆಯೇ ಇಸ್ಪೀಟಿನ ಎಲೆಯನ್ನು ಚಿತ್ರಕಲೆಯಿಂದ ಹೊರಗಿಟ್ಟಿರಲಿಲ್ಲ.

ಅರಮನೆಯ ಆಚೆ ಚಿತ್ರ ಬದುಕಿದ ರೀತಿಯನ್ನು ತಿಳಿಯಲು ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬದ ಕಡೆಯ ದೀವರ ಮನೆಗಳ ಹಸೆ ಚಿತ್ತಾರಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. ಕೆಮ್ಮಣ್ಣು ಬಳಿದು ಒಣಗಿಸಿದ ಗೋಡೆ. ನೆನೆಸಿ ಅರೆದ ಅಕ್ಕಿಯಿಂದ ಬಿಳಿ, ಕರಕಾಗುವಷ್ಟು ಹುರಿದ ಅಕ್ಕಿಯಿಂದ ಕಪ್ಪು, ಕಾಡಿನ ಕಾಯಿಯಿಂದ ಹಳದಿ. ಕುಂಚವೆಂದರೆ ತುದಿ ಜಜ್ಜಿದ ಪುಂಡಿನಾರು. ಗೆರೆ ನೆಟ್ಟಗಿರಬೇಕಾದಲ್ಲಿ ದಾರವನ್ನು ಬಣ್ಣದಲ್ಲಿ ಅದ್ದಿ ಗೋಡೆಗೆ ಎಳೆದು ಗುರುತು ಮಾಡಿಕೊಳ್ಳುತ್ತಾರೆ. ಮದುವೆಯ ಹಸೆಗೋಡೆಯಲ್ಲಿ ಚೌಕದೊಳಗೆ ಚೌಕ, ಅದರ ಸುತ್ತ ಅಂಚಿನ ಮೇಲೆ ಅಂಚು, ನಡುವೆ ಕಡ್ಡಿಯಷ್ಟೇ ತೆಳುವಾದ ಮದುಮಕ್ಕಳು. ಈ ಗೋಡೆಯ ಮುಂದೆ ಹಸೆ ಹಾಸಿ ಗಂಡುಹೆಣ್ಣನ್ನು ಕೂರಿಸುವುದರಿಂದ ಚಿತ್ತಾರವಿಲ್ಲದೆ ಮದುವೆಯ ಜಾಗವೇ ಸಿದ್ಧವಾಗುವುದಿಲ್ಲ. ಭೂಮಿ ಹುಣ್ಣಿಮೆ ಬಂದರೆ ಇದೇ ವಿನ್ಯಾಸ ಗೋಡೆಯಿಂದ ಬುಟ್ಟಿಗೆ ಇಳಿಯುತ್ತದೆ. ಕೆಮ್ಮಣ್ಣು ಮೆತ್ತಿ ಚಿತ್ತಾರ ಬರೆದ ಬುಟ್ಟಿಯಲ್ಲಿ ಗದ್ದೆಗೆ ಚರಗದ ಅಡುಗೆ ಹೋಗುತ್ತದೆ. ಬರೆಯುವವರು ಹೆಂಗಸರು, ಕಲಿಯುವುದು ತಾಯಿ, ಅತ್ತೆ, ನೆರೆಮನೆಯವರಿಂದ. ಎಲ್ಲರೂ ಬರೆದರೂ ಎಲ್ಲರ ಗೆರೆಯೂ ಒಂದೇ ಮಟ್ಟದ್ದಲ್ಲವೆಂದು ಊರಿಗೆ ಗೊತ್ತು. ಕೈ ಪಳಗಿದವರನ್ನು ಮದುವೆಮನೆಗೆ ಕರೆದು ಬರೆಸುತ್ತಾರೆ. ಜನಪದ ಕಲೆ ಹೆಸರಿಲ್ಲದ ಸಮೂಹದ ಸೃಷ್ಟಿ ಎನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ. ಹೆಸರು ಊರಿಗೆ ಗೊತ್ತಿತ್ತು, ಬರೆದಿಟ್ಟುಕೊಳ್ಳದವರು ನಾವು.

ಕರಾವಳಿಯ ಕಾವಿ ಕಲೆಗೂ ಇದೇ ಗತಿಯಾಯಿತು. ಕುಮಟಾ, ಅಂಕೋಲಾ ಕಡೆಯ ಗುಡಿಗಳಲ್ಲೂ ಗೋವೆಯಲ್ಲೂ ಚಿಪ್ಪಿನ ಸುಣ್ಣದ ಬಿಳಿ ಗಾರೆಯ ಮೇಲೆ ಕೆಂಪು ಕಾವಿ ಬಳಿದು, ಅದು ಹಸಿಯಿರುವಾಗಲೇ ಮೊನೆಯಿಂದ ಕೆರೆದು ಬಿಳಿಯ ಗೆರೆ ಹೊರಡಿಸುತ್ತಿದ್ದರು. ಕೃಷ್ಣಾನಂದ ಕಾಮತರು ಊರೂರು ಸುತ್ತಿ ಫೋಟೋ ಹಿಡಿದು ಬರೆಯದಿದ್ದರೆ ಇದರ ಬಹುಪಾಲು ಸುಣ್ಣ, ಸಿಮೆಂಟಿನ ಅಡಿಯಲ್ಲಿ ಸುಳಿವಿಲ್ಲದೆ ಮುಚ್ಚಿಹೋಗುತ್ತಿತ್ತು. ವೃತ್ತಿಯಿಂದ ಅವರು ವಿಜ್ಞಾನಿ, ಕಲಾ ಇತಿಹಾಸಕಾರರಲ್ಲ ಎಂಬುದನ್ನು ನೆನಪಿಡಬೇಕು.

ಗೆರೆ ಬಿದ್ದದ್ದು ಹೇಗೆ? ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಅಚ್ಚುಕೂಟ ತೆರೆದ ಮೇಲೆ ದೇವರ ಪಟ ಗೋಡೆಗೆ ಅಗ್ಗವಾಗಿ ಬಂತು, ಪಟ ಬರೆಯುತ್ತಿದ್ದ ಮನೆತನಗಳ ಕೆಲಸ ಹೋಯಿತು. 20ನೆಯ ಶತಮಾನದ ಆರಂಭದಲ್ಲಿ ಮೈಸೂರಿನಲ್ಲಿ ಬೆಳೆದ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ ಚಿತ್ರವನ್ನು ಮನೆತನದ ವಿದ್ಯೆಯಿಂದ ಶಾಲೆಯ ಪಾಠಕ್ಕೆ ತಂದಿತು. ಈ ಎರಡರ ಪರಿಣಾಮವನ್ನು ಇಬ್ಬರ ಬದುಕಿನಲ್ಲಿ ನೋಡಬಹುದು. ಕೆ. ವೆಂಕಟಪ್ಪ (1886–1965) ಆಸ್ಥಾನ ಚಿತ್ರಗಾರರ ಮನೆಯಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ, ಉದಕಮಂಡಲದ ಮಂಜು ಬೆಳಕುಗಳನ್ನು ಜಲವರ್ಣದಲ್ಲಿ ಹಿಡಿದರು. ಚಿತ್ರಗಾರನ ಮಗ ಒಂಟಿ ಕಲಾವಿದನಾದ ಕಥೆ ಅದು, ಘನವಾದ ಸಾಧನೆಯೂ ಹೌದು. ಕಲಬುರಗಿಯ ಎಸ್. ಎಂ. ಪಂಡಿತ್ (1916–1993) ಮುಂಬೈಗೆ ಹೋಗಿ ಸಿನಿಮಾ ಪ್ರಚಾರದ ಚಿತ್ರಗಳನ್ನೂ ಕ್ಯಾಲೆಂಡರಿನ ದೇವರುಗಳನ್ನೂ ಬರೆದರು. ಅವರ ಚಿತ್ರಗಳು ಲಕ್ಷಾಂತರ ಮನೆಗಳ ಗೋಡೆ ಸೇರಿದವು. ವೆಂಕಟಪ್ಪನವರ ಹೆಸರಿನಲ್ಲಿ ಬೆಂಗಳೂರಿನಲ್ಲಿ ಗ್ಯಾಲರಿ ಎದ್ದಿತು, ಅದು ಸಲ್ಲಬೇಕಾದ ಗೌರವವೇ. ಪಂಡಿತರ ಬಗ್ಗೆ ಮಾತ್ರ ನಮ್ಮ ವಿಮರ್ಶೆ ಬಹುಕಾಲ ‘ಕ್ಯಾಲೆಂಡರ್ ಕಲೆ’ ಎಂಬ ಒಂದೇ ಪದದಲ್ಲಿ ಮಾತು ಮುಗಿಸಿತು.

ಸಂಸ್ಥೆಗಳು ಈ ಭೇದವನ್ನು ಗಟ್ಟಿ ಮಾಡಿದವು. ಇಂದು ರಾಜ್ಯದಲ್ಲಿ ಲಲಿತಕಲಾ ಅಕಾಡೆಮಿ ಒಂದು, ಶಿಲ್ಪಕಲಾ ಅಕಾಡೆಮಿ ಇನ್ನೊಂದು, ಜಾನಪದ ಅಕಾಡೆಮಿ ಮತ್ತೊಂದು. ಕಿನ್ನಾಳ, ಚನ್ನಪಟ್ಟಣದ ಗೊಂಬೆಗಳು ಕರಕುಶಲ ನಿಗಮದ ಮಳಿಗೆಗೆ. ಒಂದು ಅಪವಾದವನ್ನು ಕೃತಜ್ಞತೆಯಿಂದ ಹೇಳಬೇಕು. 1960ರಲ್ಲಿ ಆರಂಭವಾದ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಎಂ. ಎಸ್. ನಂಜುಂಡರಾವ್ ಅವರು ಮೈಸೂರು ಶೈಲಿಯ ಪಟಗಳನ್ನೂ ತೊಗಲುಗೊಂಬೆಗಳನ್ನೂ ಹಳ್ಳಿಹಳ್ಳಿಯಿಂದ ಕೂಡಿಹಾಕಿ, ಆಧುನಿಕ ಚಿತ್ರಗಳಿದ್ದ ಸೂರಿನಡಿಯಲ್ಲೇ ಇಟ್ಟರು. ಆಡಿನ ತೊಗಲನ್ನು ಬೆಳಕು ಹಾಯುವಷ್ಟು ತೆಳುಗೊಳಿಸಿ, ಬಣ್ಣ ಹಚ್ಚಿ, ಉಳಿಯಿಂದ ತೂತು ಕೊರೆಯುವ ಆ ವಿದ್ಯೆ ಕಿಳ್ಳೇಕ್ಯಾತ ಸಮುದಾಯದ್ದು. ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂದದ್ದು 2025ರಲ್ಲಿ, ತೊಂಬತ್ತು ದಾಟಿದ ಮೇಲೆ.

ಪೇಟೆಯ ಚಿತ್ರಕ್ಕೆ ಅಷ್ಟು ಮನ್ನಣೆಯೂ ಸಿಗಲಿಲ್ಲ. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳ ಮುಂದೆ ಮಹಡಿಯೆತ್ತರ ನಿಲ್ಲುತ್ತಿದ್ದ ರಾಜಕುಮಾರರ ಕಟೌಟುಗಳು, ಅಂಗಡಿಗಳ ಬೋರ್ಡುಗಳು, ಲಾರಿಯ ಹಿಂಬದಿಯ ಅಕ್ಷರಗಳು ಎಲ್ಲವೂ ಕೈಬರಹ. ಚಿಕ್ಕ ಫೋಟೋಗೆ ಚೌಕುಳಿ ಹಾಕಿ, ಅದನ್ನು ಪ್ಲೈವುಡ್ಡಿನ ಮೇಲೆ ಹತ್ತಾರು ಪಟ್ಟು ಹಿಗ್ಗಿಸಿ, ರಸ್ತೆಯಲ್ಲಿ ನಿಂತು ಕತ್ತೆತ್ತಿ ನೋಡುವವನ ಕಣ್ಣಿಗೆ ಮುಖದ ಅಳತೆ ತಪ್ಪದಂತೆ ಬರೆಯುವುದು ಸಣ್ಣ ವಿದ್ಯೆಯಲ್ಲ. ಕನ್ನಡ ಲಿಪಿಯ ದುಂಡಗಿನ ಅಕ್ಷರಕ್ಕೆ ನೆರಳು ಕೊಟ್ಟು, ಒತ್ತಕ್ಷರಕ್ಕೆ ಜಾಗ ಬಿಟ್ಟು ಬೋರ್ಡು ತುಂಬಿಸುವುದೂ ಹಾಗೆಯೇ. ಈ ಶತಮಾನದ ಮೊದಲ ದಶಕದಲ್ಲಿ ಫ್ಲೆಕ್ಸ್ ಬಂದು ಕೆಲವೇ ವರ್ಷಗಳಲ್ಲಿ ಈ ವೃತ್ತಿಯನ್ನು ನುಂಗಿತು. 2009ರ ಸುಮಾರಿಗೆ ಬೆಂಗಳೂರು ಮಹಾನಗರ ಪಾಲಿಕೆ ಪೋಸ್ಟರ್ ಹಾವಳಿ ತಡೆಯಲು ಊರಿನ ಗೋಡೆಗಳಿಗೆ ಚಿತ್ರ ಬರೆಸಿದಾಗ, ಕೆಲಸ ಕಳೆದುಕೊಂಡಿದ್ದ ಈ ಕಲಾವಿದರಲ್ಲಿ ಅನೇಕರು ಮತ್ತೆ ಕುಂಚ ಹಿಡಿದರು. ಜೋಗ, ಯಕ್ಷಗಾನ, ಮೈಸೂರು ಅರಮನೆ ಗೋಡೆಗಳ ಮೇಲೆ ಬಂದವು. ಇವು ಪ್ರವಾಸೋದ್ಯಮದ ಪೋಸ್ಟ್‌ಕಾರ್ಡುಗಳೆಂಬ ಟೀಕೆ ಬಂತು. ವಿಷಯದ ಆಯ್ಕೆಯ ಮಟ್ಟಿಗೆ ಅದು ನಿಜ. ಆದರೆ ಆಯ್ಕೆ ಪಾಲಿಕೆಯದು, ಕೈಚಳಕ ಕಲಾವಿದರದು. ಎರಡನ್ನೂ ಬೇರ್ಪಡಿಸಿ ನೋಡುವ ವಿಮರ್ಶೆ ಬರಲಿಲ್ಲ.

ಕಲಾವಿದರು ಗೆರೆ ದಾಟಿದ್ದಾರೆ ಎಂದೆನಷ್ಟೆ. ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಕಲಿತ ಶೀಲಾ ಗೌಡ 1990ರ ದಶಕದಲ್ಲಿ ಎಣ್ಣೆಬಣ್ಣ ಬಿಟ್ಟು ಸಗಣಿಯನ್ನೇ ಮಾಧ್ಯಮ ಮಾಡಿಕೊಂಡರು. ಆಮೇಲೆ ಸೂಜಿಗಳಿಗೆ ಪೋಣಿಸಿದ ದಾರಗಳಿಗೆ ಅಂಟು ಕುಂಕುಮ ಸವರಿ ಹಗ್ಗವಾಗಿಸಿ ಕೋಣೆಯುದ್ದಕ್ಕೂ ಹರಿಯಬಿಟ್ಟರು. ಅಂಗಳ ಸಾರಿಸುವ, ಹಣೆಗೆ ಇಡುವ ವಸ್ತುಗಳು ಅಲ್ಲಿ ಹೆಣ್ಣಿನ ದುಡಿಮೆಯನ್ನೂ ನೋವನ್ನೂ ಹೇಳುತ್ತವೆ. ಎನ್. ಪುಷ್ಪಮಾಲಾ ಅವರು ಕ್ಲೇರ್ ಆರ್ನಿ ಜೊತೆ 2000–2004ರಲ್ಲಿ ಮಾಡಿದ ಛಾಯಾಚಿತ್ರಗಳಲ್ಲಿ ರವಿವರ್ಮನ ಲಕ್ಷ್ಮಿಯ ವೇಷವನ್ನು ತಾವೇ ಹಾಕಿ, ಕ್ಯಾಲೆಂಡರ್ ನಮ್ಮ ಕಣ್ಣಿಗೆ ಕಲಿಸಿದ ಹೆಣ್ಣಿನ ರೂಪವನ್ನು ಪ್ರಶ್ನೆಗೆ ಒಡ್ಡಿದರು. ಮೈಸೂರಿನ ಕಾವಾ ಕಲಾಶಾಲೆಯಲ್ಲಿ ಕಲಿತ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಬೆಂಗಳೂರಿನ ನೀರು ತುಂಬಿದ ರಸ್ತೆಗುಂಡಿಯಲ್ಲಿ ಮೊಸಳೆ ಕೂರಿಸಿದಾಗ ಇಡೀ ಊರು ಅದನ್ನು ನೋಡಿತು. 2016ರಲ್ಲಿ ಬೆಂಗಳೂರಿನಲ್ಲೇ ಶುರುವಾದ ಅರಾವನಿ ಆರ್ಟ್ ಪ್ರಾಜೆಕ್ಟ್‌ನಲ್ಲಿ ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯರು ತಮ್ಮನ್ನು ಓರೆಗಣ್ಣಿನಿಂದ ನೋಡುವ ಬೀದಿಗಳ ಗೋಡೆಗಳಲ್ಲೇ ಚಿತ್ರ ಬರೆದರು. ಹಸೆಗೋಡೆಯಂತೆ ಇಲ್ಲಿಯೂ ಚಿತ್ರಕ್ಕೆ ಒಂದು ಜಾಗದಲ್ಲಿ ಒಂದು ಕೆಲಸವಿದೆ.

ಈ ವಾದಕ್ಕೆ ಎರಡು ಗಂಭೀರ ಆಕ್ಷೇಪಗಳಿವೆ. ಎಲ್ಲವನ್ನೂ ಕಲೆಯೆಂದರೆ ಗುಣದ ವಿವೇಚನೆ ಹೋಗುತ್ತದೆ, ವೆಂಕಟಪ್ಪನವರ ಜಲವರ್ಣವೂ ಅಂಗಡಿ ಬೋರ್ಡೂ ಒಂದೇ ತಕ್ಕಡಿಯಲ್ಲಿ ತೂಗಬೇಕಾಗುತ್ತದೆ ಎಂಬುದು ಮೊದಲನೆಯದು. ಒಂದೇ ಚರಿತ್ರೆಯಲ್ಲಿ ಸೇರಿಸುವುದೆಂದರೆ ಒಂದೇ ಅಂಕ ಕೊಡುವುದಲ್ಲ. ಒಳ್ಳೆಯ ಬೋರ್ಡಿಗೂ ಕೆಟ್ಟ ಬೋರ್ಡಿಗೂ ಇರುವ ವ್ಯತ್ಯಾಸ ಹೇಳಲು ನಮ್ಮಲ್ಲಿ ಮಾತೇ ಬೆಳೆದಿಲ್ಲ. ಗುಣದ ವಿವೇಚನೆ ಇಲ್ಲವಾಗಿರುವುದು ಗೆರೆಯ ಈಚೆಗೇ. ಎರಡನೆಯ ಆಕ್ಷೇಪ ಇನ್ನೂ ತೂಕದ್ದು: ಹಸೆ ಬರೆಯುವವರಿಗೆ ಅದು ಶಾಸ್ತ್ರ, ಅದನ್ನು ಕಲೆಯೆಂದು ಎತ್ತಿ ಮಾರುಕಟ್ಟೆಗೆ ತಂದವರು ಹೊರಗಿನವರು. ಇದನ್ನು ಅರ್ಧ ಒಪ್ಪುತ್ತೇನೆ. ಚಿತ್ತಾರವನ್ನು ಶುಭಾಶಯ ಪತ್ರ, ಸೀರೆಯ ಸೆರಗಿಗೆ ಇಳಿಸಿದಾಗ ಕೆಮ್ಮಣ್ಣಿನ ಗೋಡೆಯೂ ಮದುವೆಯೂ ಹಿಂದೆ ಉಳಿಯುತ್ತವೆ, ಬರೆದವರ ಸಮುದಾಯದ ಹೆಸರೂ ಅಳಿಸುತ್ತದೆ. ಆದರೆ ಸಿಮೆಂಟು ಗೋಡೆಯ ಮನೆಗಳಲ್ಲಿ ಕೈ ಮರೆಯದಂತೆ ಉಳಿಸಿದ್ದೂ, ಕೆಲವು ಹೆಂಗಸರಿಗೆ ಸ್ವಂತ ಸಂಪಾದನೆ ಕೊಟ್ಟದ್ದೂ ಇದೇ ಕಾಗದ, ಬಟ್ಟೆಗಳೇ. ಚಿತ್ತಾರವನ್ನು ಶಾಸ್ತ್ರಕ್ಕೆ ಮಾತ್ರ ಬಿಡಬೇಕೋ ಮಾರಬೇಕೋ ಎಂದು ತೀರ್ಮಾನಿಸುವ ಹಕ್ಕು ಬರೆಯುವವರದು. ಅವರ ಸಂದರ್ಭ, ಹೆಸರು, ತಂತ್ರಗಳನ್ನು ಬಿಡದೆ ದಾಖಲಿಸುವುದು ಚರಿತ್ರೆ ಬರೆಯುವವರ ಹೊಣೆ.

2003ರಿಂದ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಯುತ್ತಿರುವ ಚಿತ್ರಸಂತೆಯಲ್ಲಿ ಕಲಾಶಾಲೆಯ ವಿದ್ಯಾರ್ಥಿಯೂ ಮೈಸೂರು ಶೈಲಿಯ ಸಾಂಪ್ರದಾಯಿಕರೂ ಒಂದೇ ಫುಟ್‌ಪಾತಿನಲ್ಲಿ ಕೂರುತ್ತಾರೆ. ಕೊಳ್ಳಲು ಬರುವ ಜನಕ್ಕೆ ಈ ನೆರೆಹೊರೆ ವಿಚಿತ್ರವೆನಿಸಿಲ್ಲ. ಕಲಾಶಾಲೆಗಳ ಪಠ್ಯಕ್ಕೂ ಅದು ವಿಚಿತ್ರವೆನಿಸಬೇಕಿಲ್ಲ: ಹಸೆಗೋಡೆ, ಕಾವಿ, ಬೋರ್ಡು ಬರಹ ಕಲಾಚರಿತ್ರೆಯ ಕಡ್ಡಾಯ ಪಾಠಗಳಾಗಲಿ. ಕಟೌಟು ಬರೆದ ತಲೆಮಾರಿನ ಅನೇಕರು ಈಗ ಮುದುಕರು, ಕೆಮ್ಮಣ್ಣಿನ ಗೋಡೆಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಈ ಕ್ಷೇತ್ರದಲ್ಲಿ ಸಂಶೋಧನೆಗೆ ಹೊರಟಿರುವ ಕನ್ನಡದ ಎಳೆಯರಲ್ಲಿ ಒಂದು ವಿನಂತಿ: ಮುಂದಿನ ಸಲ ಚಿತ್ರ ಬರೆದ ಗೋಡೆಯ ಫೋಟೋ ತೆಗೆದಾಗ, ಬರೆದವರ ಹೆಸರು, ಊರು, ಕಲಿಸಿದವರು ಯಾರು ಎಂಬುದನ್ನು ಅವರ ಒಪ್ಪಿಗೆ ಪಡೆದು ಕೇಳಿ ಬರೆದುಕೊಳ್ಳಿ.